ಭರಮಪ್ಪನ ಕಾಟಾಕ್ಕೆ ಗೊತ್ತಾಗದ್ದು

ಸಾಲಹಳ್ಳಿಯ ಆ ಓಣಿಯಲ್ಲಿ ಯಾರ ತೂಕ ಎಷ್ಟೆಂದು ಯಾರನ್ನು ಕೇಳಿದರೂ ಹೇಳುತ್ತಾರೆ. ತಮ್ಮದಷ್ಟೇ ಅಲ್ಲ, ಎದುರು ಮನೆಯವರದು, ಹಿತ್ತಲ ಮನೆಯವರದು, ಹೋದ ವರ್ಷ ಬಂದ ಹೊಸ ಸೊಸೆಯದು, ಎಲ್ಲವೂ ಬಾಯಿಪಾಠ. ಓಣಿಗೆ ಈ ವಿದ್ಯೆ ಹತ್ತಿದ್ದು ಭರಮಪ್ಪನಿಂದ.

ಭರಮಪ್ಪ ರಾಮದುರ್ಗದ ಮಾರುಕಟ್ಟೆಯಲ್ಲಿ ಇಪ್ಪತ್ತೆರಡು ವರ್ಷದಿಂದ ತೂಕದ ಕೆಲಸ ಮಾಡುವವನು. ಜೋಳ, ಕಡಲೆ, ಗೋವಿನಜೋಳ, ಏನೇ ಬರಲಿ, ತೂಕದ ಕಾಟಾದ ಮೇಲೆ ಚೀಲ ಕೂತಿತೆಂದರೆ ಅವನ ದನಿ ಏಳುತ್ತದೆ. ಹಿಂದಿನವರ ಪದ್ಧತಿಯಂತೆ ಮೊದಲ ಚೀಲಕ್ಕೆ ಅವನು ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾನೆ. ‘ಲಾಭ, ಎರಡು, ಮೂರು’ ಎಂದು ಅವನು ರಾಗವಾಗಿ ಎಣಿಸುತ್ತ ಹೋದರೆ ಚಹಾದಂಗಡಿಯಲ್ಲಿ ಕೂತವರಿಗೂ ಎಷ್ಟು ಚೀಲ ಆಯಿತೆಂದು ಗೊತ್ತಾಗುತ್ತದೆ.

ಮಾರುಕಟ್ಟೆಗೆ ಕರೆಂಟಿನ ಕಾಟಾ ಬಂದಾಗ ಹಳೆಯ ಕಬ್ಬಿಣದ ಕಾಟಾ ಮೂಲೆ ಸೇರಿತು. ಅದನ್ನು ಅಲ್ಲೇ ಬಿಡಲು ಭರಮಪ್ಪನಿಗೆ ಮನಸ್ಸಾಗಲಿಲ್ಲ. ಕೇಳಿ ಪಡೆದು, ಎತ್ತಿನ ಗಾಡಿಯಲ್ಲಿ ಊರಿಗೆ ತಂದು, ತನ್ನ ಮನೆಯ ಕಟ್ಟೆಯ ಮೇಲೆ ಕೂರಿಸಿದ. ಪ್ರತಿ ಅಮಾವಾಸ್ಯೆಗೆ ಅದನ್ನು ತೊಳೆದು, ವಿಭೂತಿ ಹಚ್ಚಿ, ಕಾಯಿ ಒಡೆಯುತ್ತಾನೆ. ಆಮೇಲೆ ಮನೆಯವರನ್ನು ಒಬ್ಬೊಬ್ಬರಾಗಿ ಹತ್ತಿಸಿ ತೂಕ ನೋಡಿ, ಮಾರುಕಟ್ಟೆಯ ದನಿಯಲ್ಲೇ ಕೂಗುತ್ತಾನೆ. ಓಣಿಯವರೂ ಚಹಾದ ಕಪ್ಪು ಹಿಡಿದು ಸಾಲು ನಿಲ್ಲುತ್ತಾರೆ. ನಗು, ಚೇಷ್ಟೆ, ಗದ್ದಲ, ಹಬ್ಬವೆಂದರೆ ಹಬ್ಬವೇ.

ನಾಗರ ಅಮಾವಾಸ್ಯೆಯ ದಿನವೂ ಹಾಗೇ ಆಯಿತು. ಭರಮಪ್ಪನ ಒಬ್ಬಳೇ ಮಗಳು ಮಾಲಾ ಪಿಯುಸಿ ಎರಡನೇ ವರ್ಷದವಳು, ರಾಮದುರ್ಗದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಅವಳು ಕಾಟಾ ಹತ್ತಿದಳು, ಅಪ್ಪ ಕೂಗಿದ. ಆಗ ಹಿಟ್ಟಿನ ಗಿರಣಿಯ ನಿಜಗುಣಪ್ಪ ಸುಮ್ಮನಿರಬೇಕಲ್ಲ. ನಿಜಗುಣಪ್ಪನ ಮೈ ಒಣಕಟ್ಟಿಗೆ, ನಾಲಿಗೆ ಮಾತ್ರ ಮೂರು ಮೊಳ.

“ಏ ಭರಮಪ್ಪ, ಇನ್ನೊಬ್ಬ ಹಮಾಲನ್ನ ಕರಿಯೋ. ಈ ಚೀಲಾ ಒಬ್ಬನ ಕೈಲೆ ಏಳೂದಿಲ್ಲ” ಎಂದ.

ಓಣಿಯೆಲ್ಲ ನಕ್ಕಿತು. ಮಾಲಾ ಕೂಡ ನಕ್ಕಳು. ಎಲ್ಲರಿಗಿಂತ ಜೋರಾಗಿ ನಕ್ಕವನು ಭರಮಪ್ಪ.

ಮರುದಿನದಿಂದ ಶ್ರಾವಣ. ಮಾಲಾ ಸೋಮವಾರದ ಉಪವಾಸ ಹಿಡಿದಳು. ಶ್ರಾವಣದಲ್ಲಿ ಯಾರು ಸೋಮವಾರ ಹಿಡಿಯುವುದಿಲ್ಲ? ಅವಳ ಅವ್ವ ಕಾಡವ್ವನಿಗೆ ಖುಷಿಯಾಯಿತು. ಶ್ರಾವಣ ಮುಗಿಯಿತು, ಮಾಲಾಳ ಸೋಮವಾರ ಮುಗಿಯಲಿಲ್ಲ. ಅದರ ಜೊತೆಗೆ ಗುರುವಾರ ಬಂತು, ಶನಿವಾರ ಬಂತು, ಕೊನೆಗೆ ಮಂಗಳವಾರವೂ ಬಂತು.

“ನಮ್ಮ ಮಾಲಾಗ ಭಾಳ ಭಕ್ತಿ ಬಂದೈತ್ರಿ” ಎಂದು ಕಾಡವ್ವ ಸ್ವಸಹಾಯ ಸಂಘದ ಹೆಂಗಸರ ಮುಂದೆ ಹೆಮ್ಮೆಪಟ್ಟಳು. ಆದರೆ ತಾಯಿಯ ಕಣ್ಣು ಎಷ್ಟು ದಿನ ಮುಚ್ಚಿರುತ್ತದೆ? ಪಂಚಮಿಗೆ ಕಟ್ಟಿಟ್ಟ ಶೇಂಗಾ ಉಂಡಿಯ ಡಬ್ಬಿ ಯಾರೂ ತಿನ್ನದೆ ಖಾಲಿಯಾಗಿತ್ತು. ಉಂಡ ಕೂಡಲೇ ಮಾಲಾ ಬಚ್ಚಲಿಗೆ ಹೋಗಿ ಅಗಳಿ ಹಾಕಿಕೊಳ್ಳುತ್ತಿದ್ದಳು. ನಳದ ನೀರು ಸುಮ್ಮನೆ ಸುರಿಯುತ್ತಿತ್ತು. ಹೊರಗೆ ಬಂದಾಗ ಕಣ್ಣು ಕೆಂಪಾಗಿರುತ್ತಿದ್ದವು. ದೃಷ್ಟಿ ತಾಗಿದೆಯೇನೋ ಎಂದು ಕಾಡವ್ವ ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು. ಮನೆಯೆಲ್ಲ ಕೆಮ್ಮಿತು, ಬೇರೇನೂ ಆಗಲಿಲ್ಲ.

“ಏನ್ರಿ, ಹುಡಗಿ ಉಂಡದ್ದನ್ನ ವಾಂತಿ ಮಾಡಾಕತ್ತಾಳ ಅನಸತೈತಿ” ಎಂದಳು ಗಂಡನಿಗೆ.

“ಈ ಅಮಾಸಿಗೆ ಕಾಟಾ ಹತ್ತಸೂಣು. ಜಡ್ಡ ಇದ್ರ ತೂಕಾ ಇಳದಿರತೈತಿ” ಎಂದ ಭರಮಪ್ಪ.

ಮಹಾನವಮಿ ಅಮಾವಾಸ್ಯೆ ಬಂತು. ನಡುವಿನ ಅಮಾವಾಸ್ಯೆಗೆ ಏನೋ ನೆಪ ಹೇಳಿ ತಪ್ಪಿಸಿಕೊಂಡಿದ್ದ ಮಾಲಾ ಈ ಸಲ ಕಾಟಾ ಹತ್ತಿದಳು. ಮುಳ್ಳು ನಾಗರ ಅಮಾವಾಸ್ಯೆಗೆ ನಿಂತಲ್ಲೇ ನಿಂತಿತು.

“ನೋಡ, ಒಂದ ತೊಲಿ ಸೈತ ಇಳದಿಲ್ಲ. ಕಾಟಾ ಸುಳ್ಳ ಹೇಳೂದಿಲ್ಲ” ಎಂದು ಭರಮಪ್ಪ ಹೆಂಡತಿಯ ಕಡೆ ತಿರುಗಿದ. ಅವನ ಎದೆಯ ಮೇಲಿನ ಭಾರ ಇಳಿದಿತ್ತು. ಮಾಲಾ ಕಾಟಾದಿಂದ ಇಳಿದು, ಯಾರ ಮುಖವನ್ನೂ ನೋಡದೆ ಒಳಗೆ ಹೋದಳು.

ಹದಿನೈದು ದಿನದ ಮೇಲೆ ಒಂದು ಬೆಳಿಗ್ಗೆ ಮಾಲಾ ನಳದ ಕಟ್ಟೆಯ ಹತ್ತಿರ ಕೊಡ ಎತ್ತಲು ಹೋಗಿ ಕುಸಿದು ಬಿದ್ದಳು. ಭರಮಪ್ಪ ಅಷ್ಟರಲ್ಲಿ ಮಾರುಕಟ್ಟೆಗೆ ಹೋಗಿದ್ದ. ಓಣಿಯವರು ಅವಳನ್ನು ಊರಿನ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದರು. ಅಲ್ಲಿನ ಆರೋಗ್ಯ ಅಧಿಕಾರಿ ನೀಲಾ ಮುನವಳ್ಳಿಯವಳು, ಬಾಯಿ ಮೆದು, ಕೆಲಸದಲ್ಲಿ ಗಟ್ಟಿ. ಊರಿಗೆಲ್ಲ ಅವಳು ನೀಲಾ ಅಕ್ಕಾರು.

ನೀಲಾ ಮಾಲಾಳನ್ನು ಮಲಗಿಸಿ ಬಿಪಿ ನೋಡಿದಳು, ಎಬ್ಬಿಸಿ ನಿಲ್ಲಿಸಿ ಮತ್ತೊಮ್ಮೆ ನೋಡಿದಳು. ನಾಡಿ ಎಣಿಸಿದಳು. ಬೆರಳು ಚುಚ್ಚಿ ರಕ್ತ ನೋಡಿದಳು. ಆಮೇಲೆ ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲು ಮುಂದೆ ಮಾಡಿ, ಅವಳ ಜೊತೆ ಅರ್ಧ ತಾಸು ಮಾತಾಡಿದಳು. ಹೊರಗೆ ಬಂದವಳೇ ಕಾಡವ್ವನಿಗೆ ಹೇಳಿದಳು.

“ಅವ್ವಾರ, ಈಗಿಂದೀಗ ರಾಮದುರ್ಗ ದವಾಖಾನಿಗೆ ಹೋಗೂಣು. ನಾನೂ ಬರತೇನಿ.”

ಕಾಡವ್ವ ಗಂಡನಿಗೆ ಫೋನ್ ಮಾಡಿದಳು. ಮಾರುಕಟ್ಟೆಯಲ್ಲಿ ಅಂದು ಹೊಸ ಗೋವಿನಜೋಳದ ಜಾತ್ರೆಯೇ ಸೇರಿತ್ತು. “ಲಿಂಬಿ ಶರಬತ್ತ ಕುಡಿಸಿ ಮನಿಗೆ ಕರಕೊಂಡ ಹೋಗ. ಹದಿನೈದ ದಿನದ ಹಿಂದ ತೂಕಾ ನೋಡೇನಿ, ಬರೋಬ್ಬರಿ ಐತಿ” ಎಂದು ಭರಮಪ್ಪ ಫೋನ್ ಇಟ್ಟ. ಕಾಡವ್ವ ಗಂಡನ ಮಾತು ಮೀರಿದವಳಲ್ಲ. ಅಂದು ಮೀರಿದಳು.

ಮಧ್ಯಾಹ್ನದ ಹೊತ್ತಿಗೆ ನೀಲಾ ಹುಡುಕಿಕೊಂಡು ಮಾರುಕಟ್ಟೆಗೇ ಬಂದಳು. ಅವಳನ್ನು ಕಂಡು ಭರಮಪ್ಪ ಎಣಿಕೆ ನಿಲ್ಲಿಸಿದ. ಆದರೂ ಗತ್ತು ಬಿಡಲಿಲ್ಲ.

“ಏನ್ರಿ ಅಕ್ಕಾರ, ಇಲ್ಲೀತನಕ ಬಂದ್ರಿ?”

“ರಕ್ತದ ರಿಪೋರ್ಟ್ ಬಂತ್ರಿ ಕಾಕಾ. ಮಾಲಾನ ಎರಡ ದಿನಾ ದವಾಖಾನ್ಯಾಗ ಇಟ್ಟಕೋಬೇಕಂತಾರ ಡಾಕ್ಟರು. ಘಾಬರಿ ಆಗಬ್ಯಾಡ್ರಿ, ವ್ಯಾಳ್ಯಾಕ್ಕ ಸರಿಯಾಗಿ ಬಂದೇವಿ. ಆದ್ರ ಆಕಿ ಒಲ್ಲೆ ಅಂತಾಳ.”

“ಏನ ಆಗೇತ್ರಿ ಆಕಿಗೆ?”

“ಊಟದ ಕಾಯಿಲೆರಿ. ಉಪಾಸ ಇರೂದು, ಹಸಿವಿ ತಡಿಲಾರದ ಒಮ್ಮೆಲೆ ಭಾಳ ತಿನ್ನೂದು, ಹೆದರಿ ಅದನ್ನ ವಾಂತಿ ಮಾಡಿ ಹೊರಗ ಹಾಕೂದು. ಆಕಿನ ನಿಮಗ ಹೇಳ್ರಿ ಅಂದಾಳ, ಅದಕ್ಕ ಹೇಳಾಕತ್ತೇನಿ.”

ಭರಮಪ್ಪ ಹೆಗಲ ಮೇಲಿನ ಟಾವೆಲ್ ಕೊಡವಿದ. “ಅಂಥಾ ಜಡ್ಡ ಶಹರದ ಮಂದೀದ್ರಿ. ಟೀವ್ಯಾಗ ಬರತಾರಲ್ಲ, ಎಲುಬ ಎಣಸೂವಂಗ ಇರತಾರ, ಅವರದು. ನಮ್ಮ ಮಾಲಾ ಹಂಗ ಅದಾಳೇನ್ರಿ? ಹುಡಗಿ ಹಟಾ ಮಾಡತಾಳ, ಅಷ್ಟ. ತೂಕಾ ನಾನ ನೋಡೇನಿ.”

ನೀಲಾ ಉತ್ತರ ಕೊಡುವಷ್ಟರಲ್ಲಿ ಹಮಾಲರು ಗೋವಿನಜೋಳದ ಚೀಲ ತಂದು ಕಾಟಾದ ಮೇಲೆ ಇಟ್ಟರು. ಕೆಲಸ ಕೆಲಸವೇ. ಭರಮಪ್ಪ ತೂಕ ನೋಡಿದ. ಆಮೇಲೆ ದಿನವೂ ಮಾಡುವಂತೆ ಕಬ್ಬಿಣದ ಚೂಪು ಕೊಳವೆಯನ್ನು ಚೀಲದ ಹೊಟ್ಟೆಗೆ ಚುಚ್ಚಿ, ಒಳಗಿನ ಕಾಳು ಅಂಗೈಗೆ ಸುರಿದುಕೊಂಡ. ಮೂಸಿ ನೋಡಿದ. ಒಂದು ಕಾಳು ಬಾಯಿಗೆ ಹಾಕಿ ಕಡಿದ. ಚೀಲದ ರೈತ ಜಟ್ಟೆಪ್ಪ ಕೈಕಟ್ಟಿ ನಿಂತಿದ್ದ.

“ಜಟ್ಟೆಪ್ಪಣ್ಣ, ಒಳಗ ಹಸಿ ಐತಲ್ಲೋ. ಹಿಂಗ ಕಟ್ಟಿ ಇಟ್ರ ವಾರದಾಗ ಬೂಸ್ಟ ಹಿಡಿತೈತಿ. ಒಯ್ದು ಬಿಸಲಿಗೆ ಹಾಕು” ಎಂದ ಭರಮಪ್ಪ.

“ತೂಕಾ ಬರೋಬ್ಬರಿ ಬಂತಲ್ಲೋ?”

“ತೂಕಾ ಬರತೈತಿ. ಕಾಟಾಕ್ಕ ತೂಕಾ ಒಂದ ಗೊತ್ತು. ಒಳಗ ಏನಾಗೇತಿ ಅಂತ ಅದಕ್ಕೇನ ಗೊತ್ತ…”

ಭರಮಪ್ಪನ ಮಾತು ಅಲ್ಲಿಗೇ ನಿಂತಿತು. ಅಂಗೈಯಲ್ಲಿದ್ದ ಕಾಳು ನೋಡಿದ. ಇಪ್ಪತ್ತೆರಡು ವರ್ಷದಿಂದ ಯಾರ್ಯಾರಿಗೋ ಹೇಳುತ್ತ ಬಂದ ಮಾತು ತನಗೇ ಕೇಳಿಸಿದ್ದು ಅಂದೇ ಮೊದಲು. ನೀಲಾ ಮುಗುಳ್ನಗಲೂ ಇಲ್ಲ, ಛೇಡಿಸಲೂ ಇಲ್ಲ.

“ಮಾಲಾ ಏನಂತಾಳ ಗೊತ್ತೇನ್ರಿ ಕಾಕಾ?” ಎಂದಳು ಮೆಲ್ಲಗೆ. “‘ನಮ್ಮಪ್ಪನ ಕಾಟಾದಾಗ ತೂಕಾ ಸರಿ ಐತಿ, ನನಗ ಏನೂ ಆಗಿಲ್ಲ, ಮನಿಗೆ ಕಳಸ್ರಿ’ ಅಂತ ಅಳಾಕತ್ತಾಳ. ನಿಮ್ಮ ಕಾಟಾನ ಆಕಿ ಅಡ್ಡ ಹಿಡಕೊಂಡ ಕುಂತಾಳ. ವಾಂತಿ ಮಾಡಿ ಮಾಡಿ ರಕ್ತದಾಗಿನ ಲವಣ ಇಳದಾವ್ರಿ. ಅವು ಭಾಳ ಇಳದ್ರ ಎದಿ ಬಡತಾನ ತಪ್ಪತೈತಿ. ತೂಕದಾಗ ಇದು ಕಾಣೂದಿಲ್ಲ. ಬಿಪಿ ನೋಡಬೇಕು, ನಾಡಿ ನೋಡಬೇಕು, ರಕ್ತ ನೋಡಬೇಕು. ಎಲ್ಲಾಕ್ಕಿಂತ ಮೊದಲ, ಕುಂತು ಕೇಳಬೇಕು.”

ಭರಮಪ್ಪ ಕೊಳವೆಯನ್ನು ಪಕ್ಕದವನ ಕೈಗೆ ಕೊಟ್ಟ. ಚಪ್ಪಲಿ ಮೆಟ್ಟುವುದನ್ನೂ ಮರೆತು ನೀಲಾಳ ಹಿಂದೆ ನಡೆದ.

ದವಾಖಾನೆಯ ಮಂಚದ ಮೇಲೆ ಮಾಲಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಕಾಡವ್ವ ಕಾಲು ಒತ್ತುತ್ತಿದ್ದಳು. ಭರಮಪ್ಪ ಸ್ಟೂಲು ಎಳೆದು ಕೂತ. ಮಾರುಕಟ್ಟೆಯನ್ನೇ ಅದುರಿಸುವ ದನಿಯನ್ನು ತಗ್ಗಿಸಿದ.

“ತಂಗಿ, ಕಾಟಾಕ್ಕ ಗೊತ್ತಾಗಲಿಲ್ಲ. ನನಗೂ ಗೊತ್ತಾಗಲಿಲ್ಲ. ನೀನ ಹೇಳವ್ವ” ಎಂದ.

ಮಾಲಾ ಅಪ್ಪನ ಕಡೆ ಹೊರಳಿದಳು. “ಅವತ್ತ ನೀ ತೂಕಾ ಕೂಗಿದಿ. ಎಲ್ಲಾರೂ ನಕ್ರು. ನಾನೂ ನಕ್ಕಿನಿ ಅಪ್ಪಾ. ನಗಲಿಲ್ಲ ಅಂದ್ರ ಇನ್ನೂ ನಗತಾರಂತ ನಕ್ಕಿನಿ” ಎಂದಳು. ಆಮೇಲೆ ಮೂರು ತಿಂಗಳ ಮಾತೆಲ್ಲ ಹರಿದು ಬಂತು. ಕಾಲೇಜಿನಲ್ಲಿ ಗೆಳತಿಯರು ಮೊಬೈಲಿನಲ್ಲಿ ತೋರಿಸಿದ ಸಪೂರ ಸೊಂಟಗಳು, ಕನ್ನಡಿ ಕಂಡರೆ ಬರುವ ಸಿಟ್ಟು, ಉಂಡಿಯ ಡಬ್ಬಿ, ಬಚ್ಚಲು, ನಾಚಿಕೆ, ಎಲ್ಲವನ್ನೂ ಹೇಳಿದಳು. ಕೊನೆಗೆ, “ಇರತೇನಿ ಅಪ್ಪಾ, ಎರಡ ದಿನಾ” ಎಂದಳು.

ಭರಮಪ್ಪ ಹೊರಗೆ ಬಂದು ಟಾವೆಲ್ಲಿನಿಂದ ಮುಖ ಒರೆಸಿಕೊಂಡ. “ಎಲ್ಲಾ ನನ್ನಿಂದನ ಆತಲ್ರಿ ಅಕ್ಕಾರ” ಎಂದ ನೀಲಾಳಿಗೆ.

“ಹಂಗ ಅನಬ್ಯಾಡ್ರಿ ಕಾಕಾ. ಈ ಕಾಯಿಲೆಗೆ ಕಾರಣ ಒಂದ ಇರೂದಿಲ್ಲ. ತಾಯಿ ತಂದಿ ತಪ್ಪಂತ ಕೊರಗಕೋತ ಕುಂತ್ರ ಹುಡಗಿಗೇನೂ ಉಪಯೋಗ ಇಲ್ಲ. ಇದು ಸೊಕ್ಕಲ್ಲ, ಹಟಾ ಅಲ್ಲ, ದೃಷ್ಟಿ ಅಲ್ಲ. ಜ್ವರ ಬಂದಂಗ ಇದೂ ಒಂದ ಕಾಯಿಲೆ. ಸಪೂರ ಇದ್ದವರಿಗೂ ಬರತೈತಿ, ದಪ್ಪ ಇದ್ದವರಿಗೂ ಬರತೈತಿ. ಔಷಧ ಐತಿ, ಆರಾಮ ಆಗತೈತಿ.”

“ಹಂಗಾರ ನಾ ಏನ ಮಾಡ್ಲಿ?”

“ಮೂರ ಹೊತ್ತು ಮನಿಯವರೆಲ್ಲಾ ಕೂಡಿ ಉಣ್ರಿ. ಆಕಿ ಊಟದ ಗಂಗಾಳಾ ನೋಡಬ್ಯಾಡ್ರಿ, ‘ಇಷ್ಟ ತಿಂದಿ, ಅಷ್ಟ ಬಿಟ್ಟಿ’ ಅನಬ್ಯಾಡ್ರಿ. ಹೊಲದ ಮಾತಾಡ್ರಿ, ಮಾರುಕಟ್ಟಿ ಮಾತಾಡ್ರಿ. ತೂಕಾ ಬೇಕಾದ್ರ ದವಾಖಾನ್ಯಾಗ ನೋಡತಾರ. ಮನ್ಯಾಗ ಬ್ಯಾಡ. ಮತ್ತ ಮನಸಿನ ಡಾಕ್ಟರು ಇಲ್ಲೆ ಮಂಗಳವಾರ ಬರತಾರ, ತಪ್ಪಸಬ್ಯಾಡ್ರಿ.”

ಹೀಗೆ ಮಾಲಾಳ ಮಂಗಳವಾರದ ಉಪವಾಸದ ಜಾಗಕ್ಕೆ ಮಂಗಳವಾರದ ಡಾಕ್ಟರು ಬಂದರು. ಮನಸಿನ ಡಾಕ್ಟರೆಂದರೆ ಮಂದಿ ಏನಂದಾರು ಎಂದು ಕಾಡವ್ವ ಮೊದಲು ಅಳುಕಿದಳು. ಎರಡು ಸಲ ಹೋಗಿ ಬಂದ ಮೇಲೆ, “ಭಾಳ ಚೊಲೊ ಡಾಕ್ಟರ್ರಿ, ನನ್ನ ಮಾತನೂ ಕೇಳಿದ್ರು” ಎಂದು ಸಂಘದಲ್ಲಿ ಅವಳೇ ಹೇಳತೊಡಗಿದಳು.

ಅಷ್ಟರಲ್ಲಿ ದೀಪಾವಳಿ ಅಮಾವಾಸ್ಯೆ ಬಂತು. ಕಾಟಾದ ಪೂಜೆ ಆಯಿತು, ಕಾಯಿ ಒಡೆಯಿತು. ಓಣಿಯವರು ಚಹಾದ ಕಪ್ಪು ಹಿಡಿದು ಸಾಲು ನಿಂತರು. ಭರಮಪ್ಪ ಕಾಟಾದ ಮೇಲೆ ಒಂದು ಚೀಲ ಜೋಳ ಇಟ್ಟು, ಅದರ ಪಕ್ಕ ಕೈ ಊರಿ ನಿಂತ.

“ಇವತ್ತಿಂದ ಈ ಕಾಟಾ ಚೀಲಕ್ಕಷ್ಟ. ಮನಶ್ಯಾರಿಗಿಲ್ಲ” ಎಂದ.

“ಯಾಕೋ? ನನ್ನ ತೂಕಾ ನನಗ ಗೊತ್ತಾಗೂದ ಬ್ಯಾಡೇನ?” ಎಂದ ನಿಜಗುಣಪ್ಪ.

“ಗೊತ್ತ ಮಾಡಕೊ, ದವಾಖಾನ್ಯಾಗ. ನಿನ್ನ ಕಿವಿಗೆ ಅಷ್ಟ ಹೇಳತಾರ, ಓಣಿಗೆಲ್ಲಾ ಕೂಗೂದಿಲ್ಲ. ನಾ ಕೂಗಿದ್ದು ತಪ್ಪಾತು, ನೀ ನಗಿಸಿದ್ದೂ ತಪ್ಪಾತು.”

ನಿಜಗುಣಪ್ಪ ಮುಖ ಸಣ್ಣದು ಮಾಡಿದ. ಆಗ, ಭರಮಪ್ಪ ಕರೆಸಿದ್ದ ನೀಲಾ ತನ್ನ ಕೈಚೀಲದಿಂದ ಬಿಪಿ ಮಷೀನು ತೆಗೆದು ಕಟ್ಟೆಯ ಮೂಲೆಯಲ್ಲಿ ಇಟ್ಟಳು. “ಬರ್ರಿ ಕಾಕಾ, ಮೊದಲ ನಿಮ್ಮದ ನೋಡೂಣು” ಎಂದಳು.

“ನನ್ನದೇನ ನೋಡತೀರಿ? ಗಾಳಿ ಬೀಸಿದ್ರ ಹಾರತೇನಿ ನಾ. ಬಿಪಿ ಇರೂದು ದಪ್ಪ ಮಂದಿಗೆ” ಎನ್ನುತ್ತಲೇ ಅವನು ಕೂತ, ತೋಳು ಚಾಚಿದ. ಮಷೀನು ಗುಂಯ್ ಎಂದು ಗಾಳಿ ತುಂಬಿತು, ಬಿಟ್ಟಿತು. ನೀಲಾ ಐದು ನಿಮಿಷ ಸುಮ್ಮನೆ ಕೂರಿಸಿ ಇನ್ನೊಮ್ಮೆ ನೋಡಿದಳು. ಆಮೇಲೆ ಬಗ್ಗಿ ಅವನ ಕಿವಿಯಲ್ಲಿ ಏನೋ ಹೇಳಿದಳು. ನಿಜಗುಣಪ್ಪನ ಕಣ್ಣು ಅಗಲವಾದವು.

“ಅಕ್ಕಾರ ಏನಂದ್ರೋ?” ಎಂದು ಹತ್ತು ಬಾಯಿ ಕೇಳಿದವು.

“ಕಿವ್ಯಾಗ ಹೇಳಿದ್ದ ನಿಮಗ ಯಾಕ ಬೇಕು?” ಎಂದ ನಿಜಗುಣಪ್ಪ. ಮರುಕ್ಷಣವೇ ತಡೆಯಲಾರದೆ, “ಬಿಪಿ ಏರೇತಂತೋ. ಈ ಒಣಕಟಗ್ಯಾಗ ಬಿಪಿ ಎಲ್ಲಿ ಅಡಗಿತ್ತೋ ಏನೋ” ಎಂದ. ಓಣಿ ನಕ್ಕಿತು, ಅವನೂ ನಕ್ಕ. ಒಳಗೆ ಬಾಗಿಲ ಮರೆಯಲ್ಲಿ ಇನ್ನೊಂದು ನಗು ಕೇಳಿಸಿತು. ಮಗಳದು ಎಂದು ಭರಮಪ್ಪನಿಗೆ ಗೊತ್ತಾಯಿತು. ಬಹಳ ದಿನದ ಮೇಲೆ ಅದು ಮನಸಾರೆ ನಕ್ಕ ನಗುವಾಗಿತ್ತು.

ಹೋಗುವಾಗ ನಿಜಗುಣಪ್ಪ ಮೆತ್ತಗೆ ನೀಲಾಳ ಹತ್ತಿರ ಬಂದ. “ಅಕ್ಕಾರ, ನಮ್ಮ ಮಗಾ ಸಾಗರ ಜಿಮ್ಮಿಗೆ ಹೋಗಾಕತ್ತಾನು. ರೊಟ್ಟಿ ಬಿಟ್ಟಾನು, ಅನ್ನಾ ಬಿಟ್ಟಾನು, ತಾಸಿಗೊಮ್ಮೆ ಕನ್ನಡಿ ಮುಂದ ನಿಂದರತಾನು. ಗಂಡಹುಡುಗರಿಗೂ ಇದು ಬರತೈತೇನ್ರಿ?”

“ಬರತೈತ್ರಿ. ಕರಕೊಂಡ ಬರ್ರಿ, ಬೈದು ಅಲ್ಲ, ಮಾತಾಡಿಸಿ” ಎಂದಳು ನೀಲಾ.

ಒಂದು ದಿನದಲ್ಲಿ ಗುಣವಾಗುವ ಕಾಯಿಲೆ ಇದಲ್ಲ. ಮಾಲಾ ಒಂದು ವಾರ ಸರಿಯಾಗಿ ಉಂಡರೆ ಇನ್ನೊಂದು ವಾರ ತಟ್ಟೆಯ ಮುಂದೆ ಕೂತು ಅಳುತ್ತಿದ್ದಳು. ಆಗೆಲ್ಲ ಭರಮಪ್ಪ ಮಾರುಕಟ್ಟೆಯ ಸುದ್ದಿ ಹೇಳುತ್ತಿದ್ದ. ಇದ್ದ ಸುದ್ದಿ ಮುಗಿದರೆ ಇಲ್ಲದ್ದನ್ನೂ ಕಟ್ಟಿ ಹೇಳುತ್ತಿದ್ದ. ಮಾರುಕಟ್ಟೆಗೆ ಆನೆ ಬಂದು ಕಾಟಾ ಹತ್ತಿತೆಂದು ಒಮ್ಮೆ ಹೇಳಿದಾಗ ಮಾಲಾ ತುತ್ತು ಕೈಯಲ್ಲಿ ಹಿಡಿದೇ ನಕ್ಕುಬಿಟ್ಟಳು. ಮಂಗಳವಾರಗಳು ತಪ್ಪಲಿಲ್ಲ. ರಕ್ತದ ರಿಪೋರ್ಟ್ ಸರಿಯಾಯಿತು, ನಾಡಿ ನೆಟ್ಟಗಾಯಿತು.

ಎಳ್ಳ ಅಮಾವಾಸ್ಯೆಗೆ ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋದರು. ಸಜ್ಜೆ ರೊಟ್ಟಿ, ಎಣಗಾಯಿ ಬದನೆಕಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಮೊಸರು. ಭೂಮಿತಾಯಿಗೆ ಎಡೆ ಹಿಡಿದು, ಅದನ್ನೇ ಹೊಲದ ಸುತ್ತ ಚರಗವೆಂದು ಚೆಲ್ಲಿ, ಬನ್ನಿಗಿಡದ ನೆರಳಲ್ಲಿ ಸುತ್ತುಗಟ್ಟಿ ಕೂತರು. ನೀಲಾಳನ್ನೂ ನಿಜಗುಣಪ್ಪನನ್ನೂ ಕರೆದಿದ್ದರು. ನಿಜಗುಣಪ್ಪ ಉಪ್ಪಿನಕಾಯಿ ದೂರ ಸರಿಸಿ, ಎಲ್ಲರೂ ನೋಡಿದರೇ ಎಂದು ಖಾತ್ರಿ ಮಾಡಿಕೊಂಡ.

ಭರಮಪ್ಪ ಮಗಳ ಪಕ್ಕದಲ್ಲಿ ಕೂತಿದ್ದ. ಅವಳ ತಟ್ಟೆಯ ಕಡೆ ನೋಡಬಾರದೆಂದು ಎದುರಿಗಿದ್ದ ಬಿಳಿಜೋಳದ ಬೆಳೆಯನ್ನೇ ದಿಟ್ಟಿಸುತ್ತಿದ್ದ. ಕಳೆದ ಎರಡು ತಿಂಗಳಲ್ಲಿ ಅವನು ನೋಡಿದಷ್ಟು ಗೋಡೆ, ಮಾಡು, ಆಕಾಶ ಬೇರೆ ಯಾರೂ ನೋಡಿರಲಿಕ್ಕಿಲ್ಲ. ಆಗ ಪಕ್ಕದಲ್ಲಿ ಹೋಳಿಗೆ ಮುರಿದ ಸದ್ದಾಯಿತು. ಅದರ ಹಿಂದೆಯೇ ಥೇಟ್ ಮಾರುಕಟ್ಟೆಯ ರಾಗದಲ್ಲಿ ಒಂದು ದನಿ ಎದ್ದಿತು.

“ಲಾಭ…”

ಮಾಲಾ ಕೂಗಿದ್ದಳು. ಕೈಯಲ್ಲಿ ಮೊದಲ ಹೋಳಿಗೆ ಇತ್ತು. ಕಾಡವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಭರಮಪ್ಪನಿಗೆ ಕಣ್ಣು ತುಂಬಿ ಬೆಳೆಯೂ ಕಾಣದಾಯಿತು. ರೂಢಿಯ ಬಾಯಿ, “ಎರಡು” ಎನ್ನಲು ತೆರೆಯಿತು.

“ಅಪ್ಪಾ” ಎಂದಳು ಮಾಲಾ, ಅವನ ತಟ್ಟೆಗೆ ತುಪ್ಪ ಬಡಿಸುತ್ತ. “ಮುಂದ ಎಣಸಬ್ಯಾಡ. ಉಣ್ಣು.”

ಅಕ್ಕಂದಿರೇ, ಅಣ್ಣಂದಿರೇ, ಭರಮಪ್ಪನ ಮನೆಯ ಊಟ ಇನ್ನೂ ನಡೆದಿದೆ. ಈಗ ನಿಮ್ಮ ಮನೆಯ ಮಾತು. ನಿಮ್ಮ ಮಗಳೋ ಮಗನೋ ಮೇಲಿಂದ ಮೇಲೆ ಉಪವಾಸ ಹಿಡಿಯುತ್ತಿದ್ದರೆ, ಕದ್ದು ತಿನ್ನುತ್ತಿದ್ದರೆ, ಉಂಡ ಕೂಡಲೇ ಬಚ್ಚಲ ಬಾಗಿಲು ಹಾಕಿಕೊಳ್ಳುತ್ತಿದ್ದರೆ, ಅವರ ತೂಕ ನೋಡಿ ಸಮಾಧಾನಪಡಬೇಡಿ. ಹತ್ತಿರ ಕೂತು ಕೇಳಿ. ನಗಬೇಡಿ, ಬೈಯಬೇಡಿ. ನಿಮ್ಮ ಊರಿನ ಆಶಾ ಕಾರ್ಯಕರ್ತೆಗೆ ಹೇಳಿ, ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಮನಸ್ಸಿನ ಕಷ್ಟಕ್ಕೆ ಕನ್ನಡದಲ್ಲೇ ಮಾತಾಡಬಹುದಾದ ಸರ್ಕಾರದ ಉಚಿತ ಸಹಾಯವಾಣಿ ಟೆಲಿ ಮಾನಸ್, ಸಂಖ್ಯೆ 14416. ತಲೆ ಸುತ್ತಿ ಬಿದ್ದರೆ, ಎದೆ ಬಡಿತ ಏರುಪೇರಾದರೆ ಫೋನಿಗಾಗಿ ಕಾಯದೆ ಅವತ್ತೇ ದವಾಖಾನೆಗೆ ಹೋಗಿ. ಮತ್ತು ಇವತ್ತು ಸಂಜೆ ಮನೆಯವರೆಲ್ಲ ಕೂಡಿ ಉಣ್ಣಲು ಕೂತಾಗ, ಯಾರ ತಟ್ಟೆಯನ್ನೂ ಎಣಿಸದೆ ಉಣ್ಣಿರಿ.